ನನಗೆ ಯಾರ ಮೇಲೂ ಸಂಶಯ ಇರುವುದಿಲ್ಲ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಎರಡು ಪ್ಲಾಸ್ಟಿಕ್ ಕುರ್ಚಿ. ವಕೀಲರ ಗುಮಾಸ್ತರು ಬರುತ್ತಾರೆ, ಹಳ್ಳಿಯಿಂದ ಅರ್ಜಿ ಬರೆಸುವವರು ಬರುತ್ತಾರೆ. ಹದಿನಾರು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೇನೆ. ಕೆಲವು ಸಾಲು ಬೆರಳಿಗೇ ಬಾಯಿಪಾಠ ಆಗಿಬಿಟ್ಟಿವೆ. "ಹೊಟ್ಟೆನೋವಿನ ಬಾಧೆ ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು" ಅನ್ನುವುದು ಅಂಥದೊಂದು ಸಾಲು. ಅದಕ್ಕೊಂದು ಬಾಲ ಇರುತ್ತದೆ: "ಮೃತಳ ಸಾವಿನಲ್ಲಿ ನನಗೆ ಯಾರ ಮೇಲೂ ಯಾವುದೇ ಸಂಶಯ ಇರುವುದಿಲ್ಲ." ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಪುಟಕ್ಕೆ ಮೂವತ್ತು ರೂಪಾಯಿ. ಯಾರ ಹೊಟ್ಟೆ, ಎಂಥ ನೋವು ಅಂತ ಒಮ್ಮೆಯೂ ಕೇಳಿರಲಿಲ್ಲ.

2024ರ ಸೆಪ್ಟೆಂಬರ್ ಮೊದಲ ವಾರ ಆ ಸಾಲು ನಮ್ಮ ಮನೆಗೇ ಬಂತು.

ಕಾಕಾನ ಮಗಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಕೇಸು ಇನ್ನೂ ನಡೆದಿದೆ, ಹೆಸರು ಹಾಕುವುದಿಲ್ಲ, ತಂಗಿ ಅಂತಲೇ ಬರೆಯುತ್ತೇನೆ. ಕಾಕಾನದು ಜೇವರ್ಗಿ ಕಡೆಯ ಹಳ್ಳಿ, ತೊಗರಿ ಹೊಲ ನಾಲ್ಕು ಎಕರೆ. ಅವಳನ್ನು ಕೊಟ್ಟದ್ದು ನಮ್ಮ ಜಿಲ್ಲೆಯದೇ ಇನ್ನೊಂದು ತಾಲೂಕಿಗೆ. ಮದುವೆಯಾಗಿ ಎರಡೂವರೆ ವರ್ಷ.

ಆವತ್ತು ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಅವಳ ಮೆಸೇಜು: "ಅಕ್ಕಾ ಫೋನಿಗಿ 84 ದಿನದ್ದು ಹಾಕು, ರೊಕ್ಕ ಆಮ್ಯಾಲ ಕೊಡ್ತೀನಿ." ಹಾಕಿದೆ. ಒಂದು ಕೈಮುಗಿದ ಚಿತ್ರ ಬಂತು. ಸಂಜೆ ಐದಕ್ಕೆ ಕಾಕಾನ ಫೋನು. ಬಾವಿಯಲ್ಲಿ ಸಿಕ್ಕಳಂತೆ.

ನಾನು, ನನ್ನ ಗಂಡ, ಅಣ್ಣನ ಮಗ ಮೂವರೂ ಹೊರಟು ಅಲ್ಲಿಗೆ ಮುಟ್ಟಿದಾಗ ರಾತ್ರಿ ಎಂಟೂವರೆ. ಹೆಣವನ್ನು ತಾಲೂಕು ಆಸ್ಪತ್ರೆಗೆ ಸಾಗಿಸಿದ್ದರು. ಕಾಕಾ ಠಾಣೆಯ ಬೆಂಚಿನ ಮೇಲೆ ಕೂತಿದ್ದ, ಕೈಯಲ್ಲಿ ಯಾರೋ ಕೊಟ್ಟ ಚಹಾದ ಲೋಟ, ಕುಡಿದಿರಲಿಲ್ಲ. ಪಕ್ಕದಲ್ಲಿ ಬೀಗ, ಅಂದರೆ ತಂಗಿಯ ಮಾವ. ಕಾಕಾ ಹೇಳಿದ: "ಸಹಿ ಮಾಡೀನವ್ವ. ಮಾಡಿದ್ರ ನಾಳಿ ಮುಂಜಾನೆ ಹೆಣ ಕೊಡ್ತಾರಂತ."

ಏನಕ್ಕೆ ಸಹಿ ಮಾಡಿದಿ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕಾಕಾನಿಗೆ ಸಹಿ ಬರುತ್ತದೆ, ಓದು ಬರುವುದಿಲ್ಲ. ರೈಟರ್, ಅಂದರೆ ಠಾಣೆಯ ಬರಹದ ಕೆಲಸದ ಪೊಲೀಸರ, ಹತ್ತಿರ ಹೋಗಿ ಕೇಳಿದಾಗ ಅವರು ಒಳ್ಳೆಯ ಮಾತಲ್ಲೇ ಹಾಳೆ ತಿರುಗಿಸಿ ತೋರಿಸಿದರು. ನಾನು ನಿಂತಲ್ಲೇ ಓದಿದೆ. ಹೊಟ್ಟೆನೋವು. ಜಿಗುಪ್ಸೆ. ಯಾರ ಮೇಲೂ ಸಂಶಯ ಇರುವುದಿಲ್ಲ. ಫಿರ್ಯಾದಿ ಅಂತ ಕಾಕಾನ ಸಹಿ, ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರಿತ್ತು.

ಹೊಟ್ಟೆನೋವು ಅಂತ ಯಾರು ಹೇಳಿದ್ದು? ಕಾಕಾ ಹೇಳಿಲ್ಲ. ಬೀಗರು ಹೇಳಿದ್ದು, ರೈಟರ್ ಬರೆದದ್ದು, ಕಾಕಾ ಸಹಿ ಮಾಡಿದ್ದು. ತಂಗಿ ಪಂಚಮಿಗೆ ಬಂದಾಗ ಎರಡು ದಿನ ನಮ್ಮ ಮನೆಯಲ್ಲೇ ಇದ್ದಳು. ಶೇಂಗಾದ ಉಂಡಿ, ಎಳ್ಳುಂಡಿ ಎಲ್ಲಾ ತಿಂದಳು. ಹೊಟ್ಟೆನೋವಿಗೆ ತೋರಿಸಿದ ಒಂದು ಚೀಟಿ, ಒಂದು ಗುಳಿಗೆ ಕವರು ಅವರ ಮನೆಯಲ್ಲೂ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ.

ಇದು ಯು.ಡಿ.ಆರ್. ಅಂದರೆ ಅಸಹಜ ಸಾವಿನ ವರದಿ. ಎಫ್.ಐ.ಆರ್. ಅಲ್ಲ. ಈ ವ್ಯತ್ಯಾಸ ಟೈಪ್ ಮಾಡುವ ನನಗೆ ಗೊತ್ತಿತ್ತು, ಆದರೆ ಅದರ ತೂಕ ಗೊತ್ತಿರಲಿಲ್ಲ. ಯು.ಡಿ.ಆರ್. ಅಂದರೆ ಅಪರಾಧ ನಡೆದಿದೆ ಅಂತ ಇನ್ನೂ ಯಾರೂ ಹೇಳಿಲ್ಲ. ಅಪರಾಧ ಇಲ್ಲ ಅಂದಮೇಲೆ ಆರೋಪಿ ಇಲ್ಲ, ಮನೆ ಸೀಲ್ ಮಾಡುವ ಮಾತಿಲ್ಲ, ಫೋನು ಜಪ್ತಿ ಮಾಡುವ ಆತುರವಿಲ್ಲ. ಆ ವರ್ಷ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) ಬದಲು ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂದಿತ್ತು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನದವರು ಜಾಗಕ್ಕೇ ಬರಬೇಕು, ವಿಡಿಯೋ ಮಾಡಬೇಕು ಅಂತ ಅದರಲ್ಲಿದೆ. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಗಡುವು ಬೇರೆ. ಅದೇನೇ ಇರಲಿ, ಹೊಟ್ಟೆನೋವು ಅಪರಾಧ ಅಲ್ವಲ್ಲ. ಯಾರೂ ಬರಲಿಲ್ಲ.

ಅಸಹಜ ಸಾವಿನ ಕಲಮನ್ನು ರೈಟರ್ ಮೊದಲು 174 ಅಂತ ಬರೆದು, ಗೀಟು ಹಾಕಿ 194 ಅಂತ ತಿದ್ದಿದ್ದರು. ಹಳೆಯ ಸಿ.ಆರ್.ಪಿ.ಸಿ. ಕೈಯಿಂದ ಹೋಗಿರಲಿಲ್ಲ. ಅವರನ್ನು ಬೈಯಲಾರೆ, ನನ್ನ ಕಂಪ್ಯೂಟರ್‌ನ ಫೈಲುಗಳಲ್ಲೂ 174 ಅಂತಲೇ ಇತ್ತು.

ಮಾರನೇ ದಿನ ಹತ್ತು ಗಂಟೆಗೆ ತಹಶೀಲ್ದಾರರು ಬಂದರು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಇಲ್ಲವೇ ಸಂಶಯ ಬರುವ ಹಾಗೆ ಸತ್ತರೆ, ಪೊಲೀಸರ ಪಂಚನಾಮೆ ಸಾಲದು, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ನಮ್ಮಲ್ಲಿ ಆ ಕೆಲಸ ತಹಶೀಲ್ದಾರರದು. ಶವ ಪಂಚನಾಮೆಗೆ ಐವರು ಪಂಚರು. ಅದರಲ್ಲಿ ಮೂವರು ಗಂಡನ ಊರಿನವರೇ. ಫಾರಮ್ಮಿನಲ್ಲಿ ಒಂದು ಕಾಲಂ ಇರುತ್ತದೆ, ಸಾವಿನ ಕಾರಣದ ಬಗ್ಗೆ ಪಂಚರ ಅಭಿಪ್ರಾಯ ಅಂತ. ಆ ಐವರಲ್ಲಿ ಯಾರೂ ಅವಳು ನೀರಿಗೆ ಬಿದ್ದದ್ದನ್ನು ನೋಡಿಲ್ಲ. ಅಭಿಪ್ರಾಯ ಮಾತ್ರ ಒಂದೇ ಮಾತಲ್ಲಿ ಬಂತು.

ನಮ್ಮ ಪುಣ್ಯಕ್ಕೆ ಅಲ್ಲಿ ಒಬ್ಬ ಗ್ರಾಮ ಆಡಳಿತ ಅಧಿಕಾರಿ ಇದ್ದಳು, ಚಿಕ್ಕ ವಯಸ್ಸಿನ ಹುಡುಗಿ. ಹೆಣದ ಮೈಮೇಲಿನ ವಸ್ತು ಬರೆಯುವ ಕೆಲಸ ಅವಳಿಗೆ ಬಿತ್ತು. ಬಗ್ಗಿ ಎಣಿಸಿದಳು. ಎರಡು ಸಲ ಎಣಿಸಿದಳು. "ಎಡಗೈಯಲ್ಲಿ ಹಸಿರು ಗಾಜಿನ ಬಳೆ ಹನ್ನೆರಡು. ಬಲಗೈಯಲ್ಲಿ ಇಲ್ಲ. ಬಲ ಮಣಿಕಟ್ಟಿನಲ್ಲಿ ಗೀರಿದ ಗಾಯ." ಅಷ್ಟೇ ಬರೆದಳು. ಪಂಚಮಿಗೆ ಬಂದಾಗ ಬಳೆಗಾರ್ತಿ ಎರಡೂ ಕೈಗೆ ಡಜನ್ ಡಜನ್ ಹಾಕಿದ್ದು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ. ಬಲಗೈಗೆ ಹಾಕುವಾಗ ಒಂದು ಒಡೆದಿತ್ತು, ಬಳೆಗಾರ್ತಿ ರೊಕ್ಕ ತಗೊಳ್ಳದೇ ಇನ್ನೊಂದು ಹಾಕಿದ್ದಳು.

ಈ ಎಲ್ಲ ಹೊತ್ತಿನಲ್ಲಿ ಅಣ್ಣನ ಮಗ ಬಾವಿಯ ಕಡೆ ಹೋಗಿದ್ದ. ಇಪ್ಪತ್ತು ವರ್ಷದ ಹುಡುಗ, ಯಾರೂ ಅವನನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಬಾವಿಗಿಂತ ಈಚೆ, ಮೋಟರ್ ಶೆಡ್ಡಿನ ಹಿಂದೆ, ಹಸಿರು ಬಳೆ ಚೂರು ಬಿದ್ದಿದ್ದವು. ಫೋನಲ್ಲಿ ಫೋಟೋ ತೆಗೆದ. ಮುಟ್ಟಲಿಲ್ಲ. ನನಗೆ ವಾಟ್ಸಾಪ್ ಮಾಡಿದ. ಮುಂದೆ ವಕೀಲರು ಹೇಳಿದ ಮೇಲೆ ತಿಳಿಯಿತು: ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ತೆಗೆದ ದಿನ, ಹೊತ್ತು, ಜಾಗದ ವಿವರ ಉಳಿಯುವುದಿಲ್ಲ. ಮೂಲ ಫೋಟೋ ಅದೇ ಫೋನಲ್ಲಿ ಇರಬೇಕು. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಸರ್ಟಿಫಿಕೇಟು ಬೇಕು. ಆ ಹುಡುಗ ಈಗಲೂ ಆ ಒಡೆದ ಗ್ಲಾಸಿನ ಹಳೇ ಫೋನನ್ನು ಕರ್ಚೀಪಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾನೆ.

ಪೋಸ್ಟ್‌ಮಾರ್ಟಂ ಆಯಿತು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಗಂಡನ ಊರಿನ ಹೊಲದಲ್ಲೇ ಮಣ್ಣು ಮಾಡಿದರು. ಹಿರಿಯರು ನಾಲ್ಕು ಮಂದಿ ಕಾಕಾನ ಸುತ್ತ ಕೂತು, "ಹೋದ ಜೀವ ಬರೋದಿಲ್ಲ, ಸಣ್ಣಾಕಿ ಮದಿವಿ ಇನ್ನ ಆಗಬೇಕು, ಕೋರ್ಟು ಕಚೇರಿ ಬ್ಯಾಡ" ಅಂದರು. ಐದು ತೊಲ ಬಂಗಾರ ವಾಪಸ್ ಕೊಡಿಸುತ್ತೇವೆ, ಮೇಲೆ ನಾಲ್ಕು ಲಕ್ಷ ಅಂತ ಲೆಕ್ಕವೂ ಆಯಿತು. ಸಂಶಯ ಇಲ್ಲ ಅಂತ ಸಹಿ ಹಾಕಿಸಿಕೊಂಡವರು ನಾಲ್ಕು ಲಕ್ಷ ಯಾಕೆ ಕೊಡುತ್ತಾರೆ? ಇದನ್ನು ಕೇಳಿದ್ದು ನನ್ನ ಕಾಕಿ. ಮಗಳು ಸತ್ತಾಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತೇ ಅದು.

ಅಲ್ಲಿಂದ ಓಡಾಟ ಶುರು. ಠಾಣೆಗೆ ಹೊಸ ದೂರು ತಗೊಂಡು ಹೋದರೆ, "ಗಣಪತಿ ಬಂದೋಬಸ್ತ್ ಅದ, ಮುಗೀಲಿ" ಅಂದರು. ಗಣಪತಿ ಮುಗಿದ ಮೇಲೆ, "ನೀವೇ ಸಂಶಯ ಇಲ್ಲ ಅಂತ ಬರಕೊಟ್ಟೀರಿ" ಅಂದರು. ಒಬ್ಬ ವಕೀಲರು ದಾರಿ ಹೇಳಿದರು. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅದೇ ದೂರನ್ನು ಎಸ್ಪಿಗೆ ಅಂಚೆಯಲ್ಲಿ ಕಳಿಸಬಹುದು, ಹೊಸ ಕಾನೂನಿನ 173(4) ಅದೇ ಹೇಳುತ್ತದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ. ಗಂಭೀರ ಅಪರಾಧದ ದೂರು ಬಂದರೆ ಎಫ್.ಐ.ಆರ್. ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ.

ದೂರು ನಾನೇ ಟೈಪ್ ಮಾಡಿದೆ. ಮೂರು ರಾತ್ರಿ ಹಿಡಿಯಿತು. ಹದಿನಾರು ವರ್ಷದ ಅಭ್ಯಾಸ, "ಸದರಿ ಮೃತಳು" ಅಂತ ಬೆರಳು ತಾನೇ ಹೊಡೆಯುತ್ತಿತ್ತು, ಅಳಿಸುತ್ತಿದ್ದೆ. ವಕೀಲರು ಮೂರು ವಿಷಯ ಬಿಡಬೇಡ ಅಂದರು. ವರದಕ್ಷಿಣೆ ಯಾವಾಗ, ಎಷ್ಟು, ಯಾರ ಮುಂದೆ ಕೇಳಿದರು. ಹನ್ನೊಂದು ದಿನ ಯಾಕೆ ತಡವಾಯಿತು. ಮೊದಲ ಹಾಳೆಗೆ ಕಾಕಾ ಯಾವ ಸ್ಥಿತಿಯಲ್ಲಿ ಸಹಿ ಮಾಡಿದ. ಇದನ್ನು ಈಗಲೇ ಬರೆಯದಿದ್ದರೆ ಮುಂದೆ ಅವರ ವಕೀಲ ಅದನ್ನೇ ಹಿಡಿದು ಕಾಕಾನನ್ನು ನಿಲ್ಲಿಸಿ ಕೇಳುತ್ತಾನೆ. ಕೇಳಿದ್ದಾನೆ ಕೂಡ.

ರಿಜಿಸ್ಟರ್ ಪೋಸ್ಟ್ ಹೋದ ಮೂರನೇ ದಿನ ಠಾಣೆಯಿಂದಲೇ ಫೋನು ಬಂತು. ಎಫ್.ಐ.ಆರ್. ಆಯಿತು. ಭಾರತೀಯ ನ್ಯಾಯ ಸಂಹಿತೆಯ 80 (ವರದಕ್ಷಿಣೆ ಸಾವು) ಮತ್ತು 85 (ಗಂಡನ ಮನೆಯವರ ಕ್ರೌರ್ಯ), ಜೊತೆಗೆ 1961ರ ವರದಕ್ಷಿಣೆ ನಿಷೇಧ ಕಾಯ್ದೆ. ಹಳೆಯ ಐ.ಪಿ.ಸಿ. ಲೆಕ್ಕದಲ್ಲಿ 304ಬಿ ಮತ್ತು 498ಎ. ತನಿಖೆಗೆ ಡಿವೈಎಸ್ಪಿ ಬಂದರು. ಸ್ಥಳ ಪಂಚನಾಮೆಗೆ ಹೋದಾಗ ಎರಡು ಮಳೆ ಹೊಡೆದಿತ್ತು. ಮೋಟರ್ ಶೆಡ್ಡಿನ ಹಿಂದೆ ಕೆಸರು, ಬಳೆ ಚೂರಿಲ್ಲ.

ಬಾವಿಯ ನೀರಿನ ಸ್ಯಾಂಪಲ್ ತಗೊಂಡಿದ್ದಾರಾ ಅಂತ ನಾನು ಕೇಳಿದೆ. ಅದು ಹೇಗೆ ಗೊತ್ತಾಯಿತು ಅಂದರೆ, ಹಿಂದೊಮ್ಮೆ ಟೈಪ್ ಮಾಡಿದ ಕೇಸಿನಲ್ಲಿ ಡಯಾಟಮ್ ಅನ್ನುವ ಪದ ಬಂದಿತ್ತು, ಮರೆತಿರಲಿಲ್ಲ. ನೀರಲ್ಲಿ ಕಣ್ಣಿಗೆ ಕಾಣದ ಪಾಚಿಯ ಜಾತಿ ಇರುತ್ತವೆ. ಜೀವ ಇರುವಾಗ ಮುಳುಗಿದರೆ ಅವು ರಕ್ತದ ಜೊತೆ ಎಲುಬಿನ ಮಜ್ಜೆಯವರೆಗೂ ಹೋಗುತ್ತವೆ. ಸತ್ತ ಮೇಲೆ ನೀರಿಗೆ ಹಾಕಿದ್ದರೆ ಹೃದಯ ನಿಂತಿರುತ್ತದೆ, ಅಷ್ಟು ದೂರ ಹೋಗುವುದಿಲ್ಲ. ಆದರೆ ಎಲುಬಿನಲ್ಲಿ ಸಿಕ್ಕದ್ದನ್ನು ಅದೇ ಬಾವಿಯ ನೀರಿನ ಜೊತೆ ಹೋಲಿಸಿ ನೋಡಬೇಕು. ಎಲುಬು ಕಳಿಸಿದ್ದರು. ನೀರು ಯಾರೂ ತಗೊಂಡಿರಲಿಲ್ಲ. ಅಷ್ಟು ದಿನ ಕಳೆದು, ಎರಡು ಮಳೆಯ ನಂತರ, ಒಂದು ಬಾಟಲಿಯಲ್ಲಿ ತುಂಬಿ ಸೀಲ್ ಮಾಡಿದರು.

ಪೋಸ್ಟ್‌ಮಾರ್ಟಂ ವರದಿ ಇಂಗ್ಲಿಷಿನಲ್ಲಿತ್ತು. ಬೇರೆ ಊರಿನ ಒಬ್ಬ ಪರಿಚಯದ ಡಾಕ್ಟರರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು ಹೇಳಿದರು. ಮೂಗು ಬಾಯಲ್ಲಿ ಸಣ್ಣ ಬಿಳಿ ನೊರೆ ಇತ್ತು, ಶ್ವಾಸಕೋಶ ಊದಿತ್ತು. ಅಂದರೆ ನೀರಿಗೆ ಬಿದ್ದಾಗ ಅವಳಿಗೆ ಜೀವ ಇತ್ತು. ಬಲ ಮಣಿಕಟ್ಟಿನ ಗಾಯ ತಾಜಾ, ಬದುಕಿದ್ದಾಗ ಆದದ್ದು. ಎಡ ತೋಳಿನ ಮೇಲೆ ಒಂದು ಮೂಗೇಟು, ಬಣ್ಣ ಹಸಿರಿಗೆ ತಿರುಗಿತ್ತು. ಹಸಿರಾಗಿದೆ ಅಂದರೆ ಅವತ್ತಿನದಲ್ಲ, ಕೆಲವು ದಿನ ಹಳೆಯದು. ಅವಳು ನಮ್ಮಲ್ಲಿಂದ ಹೋಗಿ ಮೂರು ವಾರದ ಮೇಲಾಗಿತ್ತು.

"ಹಂಗಾದ್ರ ಯಾರೋ ದಬ್ಬಿದ್ರು ಅಂತ ಆತಲ್ರಿ ಸರ?" ಅಂದೆ.

"ಇಲ್ಲಮ್ಮ. ಮುಳುಗಿ ಸತ್ತಳು ಅಂತ ಆಯ್ತು. ಹಾರಿದಳೋ, ಜಾರಿದಳೋ, ದೂಡಿದರೋ ಅದನ್ನ ಶ್ವಾಸಕೋಶ ಹೇಳೋದಿಲ್ಲ."

ಆ ಮಾತು ತಲೆಯಿಂದ ಹೋಗಲಿಲ್ಲ. ವರದಿಯಲ್ಲಿ ಎಲ್ಲೂ ಆತ್ಮಹತ್ಯೆ ಅನ್ನುವ ಪದವೇ ಇರಲಿಲ್ಲ. ಡಾಕ್ಟರು ಬರೆದದ್ದು ಸಾವಿನ ಕಾರಣ, ನೀರಲ್ಲಿ ಮುಳುಗಿ ಉಸಿರುಗಟ್ಟಿದ್ದು. ಆತ್ಮಹತ್ಯೆ ಅಂತ ಬರೆದದ್ದು ರಾತ್ರಿ ಎಂಟಕ್ಕೆ ಠಾಣೆಯಲ್ಲಿ, ಹೆಣ ಕೊಯ್ಯುವ ಮೊದಲು, ಬೀಗರ ಬಾಯಿಂದ. ಆಮೇಲೆ ಬಂದವರೆಲ್ಲ ಆ ಸಾಲಿನ ಮೇಲೇ ಕಲ್ಲು ಇಟ್ಟುಕೊಂಡು ಹೋದರು. ಪಂಚರು, ಮಾರನೇ ದಿನ ಪೇಪರಿನಲ್ಲಿ ಬಂದ ನಾಲ್ಕು ಸಾಲು, ಊರಿನ ಬಾಯಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆ. ಅದರಲ್ಲಿ ಗೃಹಿಣಿಯರು 25,309. ಅದೇ ವರ್ಷ ವರದಕ್ಷಿಣೆ ಸಾವು ಅಂತ ದಾಖಲಾದದ್ದು 6,450. ಈ ಅಂಕಿ ಓದಿದಾಗೆಲ್ಲ ನನಗೆ ಕಾಣುವುದು ಕಾಕಾನ ಸಹಿ. ಒಂದು ಹಾಳೆ ಆ ಕಡೆ ಹೋಗಬೇಕಾ, ಈ ಕಡೆ ಹೋಗಬೇಕಾ ಅನ್ನುವುದು ಎಷ್ಟು ಕಡೆ ಹೀಗೆ ತೀರ್ಮಾನ ಆಗಿರಬಹುದು?

ಹಾಗಂತ ಎಲ್ಲವೂ ಕೊಲೆ ಅಂತ ನಾನು ಹೇಳಲಾರೆ. ಇದನ್ನು ಬರೆಯುವುದು ಕಷ್ಟ, ಬರೆಯದೇ ಬಿಟ್ಟರೆ ಸುಳ್ಳಾಗುತ್ತದೆ. ರೀಚಾರ್ಜ್ ಮೆಸೇಜನ್ನು ನಾನು ದೊಡ್ಡ ಸಾಕ್ಷಿ ಅಂತ ತೋರಿಸಿದಾಗ ವಕೀಲರು ತಲೆ ಅಲ್ಲಾಡಿಸಿದರು. ಮುಂದಿನ ತಿಂಗಳ ಯೋಚನೆ ಮಾಡಿದವರೂ ಅದೇ ದಿನ ಹೋಗಿದ್ದಾರೆ, ಮನಸ್ಸು ಹಾಗೇ ಇರುತ್ತದೆ ಅಂದರು. ಒಪ್ಪಿದೆ. ಇನ್ನೊಂದು ವಿಷಯವನ್ನು ವಕೀಲರಿಗೂ ತಡವಾಗಿ ಹೇಳಿದೆ. ಪಂಚಮಿ ಮುಗಿದು ಸೋಮವಾರ ಬಸ್ಸಿಗೆ ಹೊರಟಾಗ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿ ಕಟ್ಟುತ್ತಾ, ನನ್ನ ಕಡೆ ನೋಡದೇ ಹೇಳಿದ್ದಳು: "ಅಕ್ಕಾ, ನಾ ಹೋಗಂಗಿಲ್ಲ ಅಂದ್ರ ಏನ್ ಆಗ್ತದ?" ನಾನು ನಕ್ಕು, "ಹುಚ್ಚಿ, ದೀಪಾವಳಿಗಿ ಮತ್ತ ಬರ್ತೀಯಲ್ಲ" ಅಂದಿದ್ದೆ. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದದ್ದು ನನ್ನ ಗಂಡನೇ.

ಆದ್ದರಿಂದ ಕೊಲೆ ಅನ್ನುವುದು ನಮಗೂ ಅನುಕೂಲವೇ. ಕೊಲೆ ಆದರೆ ತಪ್ಪು ಪೂರ್ತಿ ಅವರದು. ಅವಳೇ ಹಾರಿದ್ದರೆ ಅದಕ್ಕೆ ಮೊದಲು ಒಂದು ಬಾಗಿಲು ಬಡಿದಿದ್ದಳು, ಆ ಬಾಗಿಲು ನಮ್ಮದು. ಬೀಗರಿಗೆ ಹೊಟ್ಟೆನೋವು ಹೇಗೆ ಬೇಕಿತ್ತೋ ನಮಗೆ ಕೊಲೆ ಹಾಗೇ ಬೇಕಿತ್ತಾ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕಾಕಿಗೆ ಇದನ್ನು ಹೇಳಿಲ್ಲ.

ಕಾನೂನು ಈ ಗಂಟನ್ನು ಬಿಚ್ಚುವುದಿಲ್ಲ, ಪಕ್ಕದಿಂದ ದಾಟುತ್ತದೆ. 80ನೇ ಕಲಮಿಗೆ ದೂಡಿದ್ದು ಸಾಬೀತಾಗಬೇಕಿಲ್ಲ. ಮದುವೆಯಾಗಿ ಏಳು ವರ್ಷದೊಳಗೆ ಅಸಹಜ ಸಾವು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ, ಇವೆರಡು ತೋರಿಸಿದರೆ ಕೋರ್ಟು ಗಂಡನ ಮನೆಯವರೇ ಕಾರಣ ಅಂತ ಭಾವಿಸಬೇಕು. ಅಲ್ಲ ಅಂತ ತೋರಿಸುವುದು ಅವರ ಪಾಲಿಗೆ. ಕನಿಷ್ಠ ಶಿಕ್ಷೆ ಏಳು ವರ್ಷ. ಅವಳೇ ಹಾರಿದ್ದರೂ ಇದು ಅನ್ವಯ ಆಗುತ್ತದೆ. ಆತ್ಮಹತ್ಯೆ ಅಂದುಬಿಟ್ಟರೆ ಕೇಸು ಮುಗಿಯಿತು ಅಂತ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಆ ಹಸಿರು ಮೂಗೇಟಿನ ಬೆಲೆ ನನಗೆ ಆಗ ಗೊತ್ತಾಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಗಂಡ ಜೈಲಿಗೆ ಹೋದ, ಕೆಲವು ತಿಂಗಳಿಗೆ ಜಾಮೀನು ಸಿಕ್ಕಿತು. ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದಿಂದ ವರದಿ ಬಂತು, ಹೊಟ್ಟೆಯಲ್ಲಿ ವಿಷವಿಲ್ಲ. ಎಲುಬಿನಲ್ಲಿ ಡಯಾಟಮ್ ಇತ್ತು. ಅವಳ ಫೋನು ಕೊನೆಗೂ ಸಿಕ್ಕಿತು, ಆದರೆ ಪೂರ್ತಿ ಅಳಿಸಿ ಹೊಸದರಂತೆ ಮಾಡಿಟ್ಟಿದ್ದರು. ಕಂಪನಿಯಿಂದ ಕರೆಗಳ ವಿವರ ತರಿಸಿದರು. ಅವಳ ಕೊನೆಯ ಕರೆ ಮಧ್ಯಾಹ್ನ 1:52ಕ್ಕೆ ನನಗೇ. ನಾನು ಊಟಕ್ಕೆ ಮನೆಗೆ ಹೋಗಿದ್ದೆ, ಫೋನು ಅಂಗಡಿಯಲ್ಲಿ ಚಾರ್ಜಿಗಿತ್ತು. ವಾಪಸ್ ಮಾಡಿದಾಗ ಎತ್ತಲಿಲ್ಲ. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ. ತಾರೀಖಿನ ಮೇಲೆ ತಾರೀಖು.

ಅಂಗಡಿಯಲ್ಲಿ ರೇಟಿನ ಹಾಳೆ ಪಕ್ಕದಲ್ಲಿ ಈಗ ಎರಡು ನಂಬರು ಅಂಟಿಸಿದ್ದೇನೆ, ಮಹಿಳಾ ಸಹಾಯವಾಣಿ 181 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಜೆರಾಕ್ಸಿಗೆ ಬಂದ ಹುಡುಗಿಯರು ಕೆಲವರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಒಬ್ಬಳು ಫೋಟೋ ಹೊಡೆದುಕೊಂಡು ಹೋದಳು. ಅಸಹಜ ಸಾವಿನ ದೂರು ಬರೆಸಲು ಯಾರಾದರೂ ಬಂದರೆ ಬಾಲದ ಸಾಲನ್ನು ನಾನಾಗಿ ಹಾಕುವುದಿಲ್ಲ. "ಸಂಶಯ ಅದನೋ ಇಲ್ಲೋ, ನೀವೇ ಹೇಳ್ರಿ, ಹಂಗೇ ಬರೀತೀನಿ" ಅನ್ನುತ್ತೇನೆ. ಕೆಲವರು ಇಲ್ಲ ಅನ್ನುತ್ತಾರೆ, ಇಲ್ಲ ಅಂತಲೇ ಬರೆಯುತ್ತೇನೆ. ಕೆಲವರು ಸುಮ್ಮನೆ ಕೂತುಬಿಡುತ್ತಾರೆ. ಒಬ್ಬ ಗುಮಾಸ್ತ ಸಿಟ್ಟಾಗಿ ಬೇರೆ ಅಂಗಡಿಗೆ ಹೋದ.

ಹೋದ ತಿಂಗಳು ಕಾಕಾ ಬೆಳೆಸಾಲದ ಫಾರಂ ತಗೊಂಡು ಬಂದಿದ್ದ. ಎಂಟು ಪುಟ, ಸಣ್ಣ ಅಕ್ಷರ. ಬ್ಯಾಂಕಿನವರು ಗುರುತು ಹಾಕಿದಲ್ಲೆಲ್ಲ ಸಹಿ ಮಾಡು ಅಂದಿದ್ದರಂತೆ. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗುತ್ತಿತ್ತು. "ಇದು ಎಲ್ಲಾರಿಗೂ ಒಂದೇ ಇರ್ತದ ಕಾಕಾ, ಸಹಿ ಮಾಡು" ಅಂತ ಪೆನ್ನು ಕೊಟ್ಟೆ. ಅವನು ಪೆನ್ನು ತಗೊಂಡು ಟೇಬಲ್ಲಿನ ಮೇಲೆ ಇಟ್ಟ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಓದವ್ವ. ಮೊದಲಿಂದ ಓದು."

ಬಸ್ಸು ಹೋಯಿತು. ಎಂಟೂ ಪುಟ ಓದಿದೆ.